ಕೂತು ಕೇಳುತ್ತಿದ್ದ ಬಾಯಾರು

ಬಾಯಾರು ತೀರಿಕೊಂಡ ಸುದ್ದಿ ನನಗೆ ಹನ್ನೆರಡು ದಿನ ತಡವಾಗಿ ತಲುಪಿತು. ಬೈಲಹೊಂಗಲದಲ್ಲಿ ಶಿಕ್ಷಕರ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದೆವು. ರಾಮದುರ್ಗದ ಕಡೆಯಿಂದ ವರ್ಗವಾಗಿ ಬಂದಿದ್ದ ಮಾಸ್ತರರೊಬ್ಬರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, "ಹಿಂದ ನಿಮ್ಮ ಸಾಲ್ಯಾಗ ಇದ್ರಲ್ಲರಿ, ಕ್ರಿಶ್ಚನ್ ಬಾಯಾರು, ಅವರು ಹೋದ್ರಂತ. ಜ್ವರ ಬಂದಿತ್ತಂತ" ಅಂದರು. ನಾನು "ಹೌದ್ರಿ?" ಅಂದೆ. ಅಷ್ಟೇ. ಕಪ್ಪಿನಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರಿದ್ದ ಕಾಗದದ ಕೆಳಗೆ ನನ್ನ ಸಹಿ ಹಾಕಿದ್ದೇನೆ. ಇನ್ನೊಂದು ಸಲ ಆ ಹೆಸರನ್ನು ಕಾಗದಕ್ಕಿಳಿಸುವ ಧೈರ್ಯ ನನಗಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರು ಅನ್ನುವುದು ರೂಢಿ. ಇಲ್ಲಿ ಅವರು ಬಾಯಾರು ಆಗಿಯೇ ಇರಲಿ.

ಎಪ್ಪತ್ತೆರಡರಲ್ಲಿ ನಾನು ಟ್ರೇನಿಂಗ್ ಮುಗಿಸಿ ಮೊದಲ ನೌಕರಿಗೆ ಸವದತ್ತಿ ತಾಲೂಕಿನ ಒಂದು ಹಳ್ಳಿಗೆ ಹೋದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಅರ್ಧ ತಾಸು ನಡೆಯಬೇಕಿತ್ತು. ಹಂಚಿನ ಒಂದೇ ಉದ್ದನೆಯ ಕಟ್ಟಡ, ಐದು ಜನ ಶಿಕ್ಷಕರು. ಬಾಯಾರಿಗೆ ಆಗಲೇ ನಲವತ್ತೈದು ದಾಟಿತ್ತು. ಮದುವೆ ಆಗಿರಲಿಲ್ಲ. ಅವರ ಪಕ್ಕದ ಖೋಲಿಯೇ ನನಗೆ ಬಾಡಿಗೆಗೆ ಸಿಕ್ಕಿತು. ನಡುವೆ ಒಂದು ಗೋಡೆ, ಹಿಂದೆ ಇಬ್ಬರಿಗೂ ಸೇರಿ ಒಂದು ಹಿತ್ತಿಲು.

ಎತ್ತರದ, ತೆಳ್ಳಗಿನ ಹೆಂಗಸು. ನಡೆಯುವಾಗ ಎಡಭುಜ ಸ್ವಲ್ಪ ಮೇಲೇಳುತ್ತಿತ್ತು. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ ಇತ್ತು, ಆದರೆ ಅದು ಯಾವಾಗಲೂ ಕುಪ್ಪಸದ ಒಳಗೇ. ಸಿಟ್ಟು ಬಂದರೆ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಬಾಯಿ ಖಾಲಿ ಇದ್ರ ಮಾತು ಜಿಗದು ಹೊರಗ ಬರತೈತಿ ತಂಗಿ. ಇದು ಸ್ವಲ್ಪ ತಡೀತೈತಿ" ಅನ್ನುತ್ತಿದ್ದರು. ಹೆಡ್‌ಮಾಸ್ತರರ ಜೊತೆ ಮಾತಾಡುವ ದಿನಗಳಲ್ಲಿ ಅವರ ಮೈಯೆಲ್ಲ ಲವಂಗದ ವಾಸನೆ.

ಯಾರನ್ನಾದರೂ ಏನಾದರೂ ಕೇಳಬೇಕಾದರೆ ಅವರು ಮೊದಲು ಕೂತುಕೊಳ್ಳುತ್ತಿದ್ದರು. ಎದುರಿಗೆ ಮೊದಲನೇ ಇಯತ್ತೆಯ ಮಗು ಇದ್ದರೂ ಅಷ್ಟೇ, ನೆಲದ ಮೇಲೆ ಕೂತು, ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಪಕ್ಕಕ್ಕಿಟ್ಟು, ಆಮೇಲೆ ಕೇಳುವುದು. "ನಿಂತು ಕೇಳಿದ್ರ ಪೊಲೀಸರು ಕೇಳಿದಂಗ ಆಗತೈತಿ" ಎನ್ನುವುದು ಅವರ ವಾದ. ಕೇಳಿದ ಮೇಲೆ ಸುಮ್ಮನಾಗುತ್ತಿದ್ದರು. ಉತ್ತರ ಬಂದ ಮೇಲೂ ಸುಮ್ಮನೇ. ಸ್ವಲ್ಪ ಹೊತ್ತಿನ ಮೇಲೆ "ಮತ್ತ?" ಅನ್ನುವರು. ಆ "ಮತ್ತ?" ನನಗೆ ಮೊದಮೊದಲು ಕಿರಿಕಿರಿ ಅನ್ನಿಸುತ್ತಿತ್ತು. ಒಮ್ಮೆ ಹೇಳಿಯೂ ಹೇಳಿದೆ.

"ಮೊದಲನೇ ಸಲ ಕೇಳಿದಾಗ ಮಂದಿ ನಮಗ ಏನ್ ಬೇಕೋ ಅದನ್ನ ಹೇಳತಾರ" ಅಂದರು. "ತಡೀಬೇಕು. ತಮ್ಮದನ್ನ ಆಮ್ಯಾಲೆ ಹೇಳತಾರ."

ಸಂತೆಯ ದಿನ ಮಾತ್ರ ಶಾಲೆ ತಪ್ಪಿಸುತ್ತಿದ್ದ ಹುಡುಗಿಯೊಬ್ಬಳ ಹೆಸರನ್ನು ಹೆಡ್‌ಮಾಸ್ತರರು ಹಾಜರಿ ಪುಸ್ತಕದಿಂದ ತೆಗೆಯಲು ಹೊರಟಿದ್ದರು. "ತಿರುಗಾಕ ಹೋಗತಾಳ್ರಿ, ಬಳಿ ರಿಬ್ಬನ್ನು ಬೇಕಲ್ಲ" ಎಂದು ನಾನೂ ಸೇರಿಸಿದ್ದೆ. ಬಾಯಾರು ಒಂದು ಲವಂಗ ಹಾಕಿಕೊಂಡು ಆ ಹುಡುಗಿಯ ಮನೆಗೆ ನಡೆದರು. ತಾಯಿ ಸಂತೆಗೆ ಕಾಯಿಪಲ್ಲೆ ಹೊತ್ತುಕೊಂಡು ಹೋಗುತ್ತಾಳೆ, ಅವತ್ತು ಎಂಟು ತಿಂಗಳ ಕೂಸನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಮುಂದಿನ ವಾರದಿಂದ ಆ ಕೂಸು ಬಾಯಾರ ವರ್ಗದ ಕಿಟಕಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗತೊಡಗಿತು. ಮಗ್ಗಿಯ ಗದ್ದಲಕ್ಕೂ ಅದು ಏಳುತ್ತಿರಲಿಲ್ಲ.

ಪ್ರತಿ ರವಿವಾರ ಅವರು ಬಸ್ಸು ಹಿಡಿದು ಪ್ರಾರ್ಥನೆಗೆ ಹೋಗಿ ಬರುತ್ತಿದ್ದರು. ಧರ್ಮದ ಮಾತನ್ನು ತಾವಾಗಿ ಎತ್ತುತ್ತಿರಲಿಲ್ಲ. ಒಮ್ಮೆ ನಾನೇ, ಸ್ವಲ್ಪ ಚೇಷ್ಟೆಯ ದನಿಯಲ್ಲಿ, "ಎಲ್ಲಾರನ್ನೂ ಇಷ್ಟು ಕೇಳ್ತೀರಲ್ಲರಿ ಬಾಯಾರ, ನಿಮ್ಮ ದೇವರೂ ಹಿಂಗ ಏನ್ರಿ?" ಅಂದೆ. ಅವರು ನಗಲಿಲ್ಲ.

"ಹಂಗ ನೋಡವಾ" ಅಂದರು. "ಒಬ್ಬ ಕುರುಡ ದಾರಿ ಮ್ಯಾಲೆ ಕುಂತು ನಮ್ಮ ಸ್ವಾಮೀನ ಕೂಗಿದ. ಕುರುಡಗ ಏನ್ ಬೇಕು, ಯಾರರೆ ಹೇಳತಾರ, ಕಣ್ಣು. ಆದ್ರೂ ಯೇಸುಸ್ವಾಮಿ ಅವನ್ನ ಹತ್ತರ ಕರದು ಕೇಳಿದ, ನಾ ನಿನಗ ಏನ್ ಮಾಡಬೇಕು ಅಂತ. ಎಲ್ಲಾ ತಿಳಿದಾತಗ ಕೇಳೂದು ಬೇಕಾಗಿತ್ತು. ಏನೂ ತಿಳೀದ ನಮಗ ಬ್ಯಾಡೇನು?"

ಈ ಮಾತು ಅವರಿಗೆ ಎಲ್ಲಿಂದ ನಾಟಿತ್ತು ಎನ್ನುವುದು ತಿಳಿದದ್ದು ಮರುವರ್ಷದ ಬೇಸಿಗೆಯಲ್ಲಿ. ಇಬ್ಬರೂ ಹಿತ್ತಿಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ನನ್ನ ತಂಗಿಯ ಪತ್ರ ಬಂದಿತ್ತು, ಅದರ ಮಾತು ನಡೆದಿತ್ತು. "ನನಗೂ ಒಬ್ಬಾಕಿ ತಂಗಿ ಇದ್ಲು" ಅಂದರು. ದೂರದ ಊರಿನ ದವಾಖಾನೆಯಲ್ಲಿ ಆಕೆ ನರ್ಸ್ ಕೆಲಸ ಕಲಿಯುತ್ತಿದ್ದಳಂತೆ.

"ಒಂದಿನ ಟ್ರಂಕ್ ತಗೊಂಡು ಬಾಗಲದಾಗ ಬಂದು ನಿಂತ್ಲು. ರಜಾ ಅಲ್ಲ, ಪತ್ರ ಇಲ್ಲ. ಮಾರಿ ಬಾಡಿತ್ತು. ಏನೋ ಮಾಡಕೊಂಡು ಬಂದಾಳ ಅಂತ ತಿಳಕೊಂಡೆ. ಅಪ್ಪ ಸತ್ತ ಮ್ಯಾಲೆ ನಾನ ಓದಿಸಿದ್ದೆ ಆಕಿನ್ನ. ಒಳಗ ಕರೀಲಿಲ್ಲ, ಅಲ್ಲೇ ನಿಂದ್ರಿಸಿ ಬೈದೆ. ಯಾರಂವಾ ಅಂದೆ. ಚರ್ಚಿನ ಸಭೆಯವರಿಗೆ ಏನಂತ ಮಾರಿ ತೋರಸಲಿ ಅಂದೆ. ಎಷ್ಟು ಮಾತು ಅಂದೆ ನೋಡು, ಅದರಾಗ ಒಂದೂ ಖರೇನ ಕೇಳಿದ್ದಲ್ಲ. ಆಕಿ ಟ್ರಂಕ್ ಎತ್ತಿಕೊಂಡು ಬಂದ ದಾರೀಲೆ ತಿರುಗಿ ಹೋದ್ಲು."

ಮೂರು ತಿಂಗಳಿಗೆ, ತಂಗಿ ತೀರಿಕೊಂಡಳೆಂದು ದವಾಖಾನೆಯಿಂದ ಪತ್ರ ಬಂತಂತೆ. ಎದೆಯ ಬೇನೆ, ಕೊನೆಯ ಹಂತದಲ್ಲಿ ಗೊತ್ತಾಗಿತ್ತು. ಇದ್ದಷ್ಟು ದಿನ ಅಕ್ಕನ ಹತ್ತಿರ ಇರುತ್ತೇನೆಂದು ಹೇಳಿ ಹೊರಟು ಬಂದಿದ್ದಳು.

ಬಾಯಾರು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಣ್ಣೀರು ಕೆನ್ನೆಯ ಮೇಲೆ ಹಾಗೇ ಇಳಿಯುತ್ತಿತ್ತು. ಒರೆಸಿಕೊಳ್ಳುವಂತಿರಲಿಲ್ಲ, ಕೈಯೆಲ್ಲ ಖಾರ. ನಾನೆದ್ದು ನನ್ನ ಸೆರಗಿನಿಂದ ಒರೆಸಿದೆ. ಅವರ ಮುಖವನ್ನು ನಾನು ಮುಟ್ಟಿದ್ದು ಅದೊಂದೇ ಸಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾನು ಮಾಡಿದ್ದನ್ನು ಮಾಡಿದೆ.

ಎಪ್ಪತ್ನಾಲ್ಕರಲ್ಲಿ ಕಸ್ತೂರಿ ಎಂಬ ಒಂಬತ್ತು ವರ್ಷದ ಹುಡುಗಿ ನನ್ನ ಮೂರನೇ ಇಯತ್ತೆಗೆ ಸೇರಿದಳು. ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿ ಬಂದಿದ್ದ ಕುಟುಂಬ, ನಮ್ಮೂರಲ್ಲಿ ಅವರಿಗೆ ನೆಂಟರು ಬಳಗ ಯಾರೂ ಇರಲಿಲ್ಲ. ಒಂದು ವಾರ ಕಳೆದರೂ ಹುಡುಗಿ ನನ್ನ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ನಾನು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತ ಕೂಗಿದರೆ ಎದ್ದೂ ನಿಲ್ಲುತ್ತಿರಲಿಲ್ಲ. ಸೊಕ್ಕು ಅಂದುಕೊಂಡೆ. ಒಂದು ದಿನ ಕೆನ್ನೆಗೆ ಹೊಡೆದೆ. ಬಾಗಿಲಲ್ಲಿ ಬಾಯಾರು ನಿಂತಿದ್ದರು.

ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು, "ಯಾಕ ಸುಮ್ಮನ ಇರತಾಳ ಅಂತ ಆಕಿನ್ನ ಕೇಳಿದ್ಯೇನು?" ಅಂದರು.

"ಕೇಳಿದ್ನಲ್ರಿ, ಉತ್ತರಾನ ಕೊಡೂದಿಲ್ಲ."

"ಕೇಳೂದಂದ್ರ ಒದರೂದಲ್ಲವಾ."

ಮರುದಿನ ಹೆಡ್‌ಮಾಸ್ತರರಿಗೆ ಹೇಳಿ ಹುಡುಗಿಯನ್ನು ತಮ್ಮ ವರ್ಗಕ್ಕೆ ಕರೆದುಕೊಂಡರು. ಕೆಲವು ದಿನಕ್ಕೆ ಕಸ್ತೂರಿ ಸಂಜೆ ಹೊತ್ತು ಬಾಯಾರ ಮನೆಗೆ ಬರತೊಡಗಿದಳು. ಏನೆಂದು ಕೇಳಿದೆ. "ಸ್ವಲ್ಪ ಹೇಳಿಕೊಡೂದೈತಿ" ಅಂದರು. ಅದು ನಾನು ಕೇಳಿದ ಮೊದಲನೇ ಸಲ. ಎರಡನೇ ಸಲ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಿಗೆ ಹೋದರೆ ಅವರ ಕಿಟಕಿಯಿಂದ ಒಳಗೆ ಕಾಣುತ್ತಿತ್ತು. ಚಾಪೆಯ ಮೇಲೆ ಇಬ್ಬರೂ ಎದುರುಬದುರು. ಬಾಯಾರ ತುಟಿ ನಿಧಾನವಾಗಿ ಅಲ್ಲಾಡುತ್ತಿತ್ತು, ಹುಡುಗಿ ಅವರ ಮುಖವನ್ನೇ ನೋಡುತ್ತ ಅದನ್ನೇ ಹೇಳುತ್ತಿದ್ದಳು. ಒಮ್ಮೊಮ್ಮೆ ಕೈ ಚಾಚಿ ಬಾಯಾರ ಕೊರಳ ಹತ್ತಿರ ಇಡುತ್ತಿದ್ದಳು, ಶಿಲುಬೆ ಇದ್ದಲ್ಲಿ. ಪ್ರಾರ್ಥನೆ ಕಲಿಸುತ್ತಿದ್ದಾರೆ ಅಂದುಕೊಂಡೆ. ಓಣಿಯ ಇತರರೂ ಕಂಡಿದ್ದರು, ಅವರೂ ಹಾಗೇ ಅಂದುಕೊಂಡರು.

ಊರಿನ ಹಿರಿಯರೊಬ್ಬರು ಅರ್ಜಿ ಬರೆಸಿಕೊಂಡು ನನ್ನ ಖೋಲಿಗೆ ಬಂದರು. ದಿಕ್ಕಿಲ್ಲದವರ ಮಗಳನ್ನು ಮನೆಗೆ ಕರೆದು ತಮ್ಮ ಧರ್ಮಕ್ಕೆ ಎಳೆಯುತ್ತಿದ್ದಾರೆ ಎಂದು ಬಾಯಾರ ಮೇಲೆ ದೂರು. "ನೀವು ಮಗ್ಗಲ ಮನಿಯವರು. ಕಣ್ಣಾರೆ ಕಂಡೀರಿ. ಒಂದು ಸಹಿ ಮಾಡ್ರಿ" ಅಂದರು. ನಾನು ಹಿಂದುಮುಂದು ನೋಡಿದೆ. ಆಗ ಅವರು ನಗುತ್ತ, "ನಿಮಗ ಕಿತ್ತೂರಾಗ ಗಂಡು ಗೊತ್ತಾಗೇತಂತಲ್ಲ. ಅವರು ನಮಗ ಬೇಕಾದವರರಿ. ಚೊಲೋ ಮಂದಿ" ಅಂದರು. ನಾನು ಸಹಿ ಮಾಡಿದೆ.

ವಿಚಾರಣೆಗೆ ಶಿಕ್ಷಣ ಕಚೇರಿಯ ಸಾಹೇಬರೊಬ್ಬರು ಬಂದು ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತರು. ಸಂಜೆ ಪ್ರಾರ್ಥನೆ ಹೇಳಿಕೊಡುವುದನ್ನು ಕಂಡಿದ್ದೀರೇನು ಎಂದು ನನ್ನನ್ನು ಕೇಳಿದರು. "ಹೌದ್ರಿ" ಅಂದೆ. ಗೋಡೆಯ ಹತ್ತಿರ ನಿಂತಿದ್ದ ಬಾಯಾರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಏನೋ ಕೇಳಬೇಕೆಂದುಕೊಂಡವರ ನೋಟ.

"ಹುಡುಗಿ ನಿಮ್ಮ ಮನೆಗೆ ಬರತಾಳೋ ಇಲ್ಲೋ?" ಸಾಹೇಬರು ಅವರನ್ನು ಕೇಳಿದರು.

"ಬರತಾಳ್ರಿ. ಹೇಳಿಕೊಡತೇನಿ. ಪ್ರಾರ್ಥನಾ ಅಲ್ಲರಿ."

"ಮತ್ತೇನು?"

"ಅದು ಆ ಮನಿಯವರ ಮಾತ್ರಿ. ಅವರು ಹೇಳಬೇಕು. ನಾ ಹೇಳಾಕ ಬರೂದಿಲ್ಲ."

ಕಸ್ತೂರಿಯ ತಾಯಿ ಶಾಲೆಯ ಗೇಟಿನ ಹೊರಗೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ. ಅವಳಾಗಿ ಬರಲಿಲ್ಲ. ಸಮಾಧಾನಕರ ಉತ್ತರ ಸಿಗಲಿಲ್ಲ ಎಂದು ಸಾಹೇಬರು ಬರೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಬಾಯಾರಿಗೆ ರಾಮದುರ್ಗದ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ಅವರು ಸಾಮಾನು ಕಟ್ಟಿ ಚಕ್ಕಡಿಗೆ ಹೇರಿದ ಬೆಳಿಗ್ಗೆ ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದೆ. ನನ್ನ ಬಾಗಿಲ ಮುಂದೆ ಅವರ ಹೆಜ್ಜೆಗಳು ಬಂದು ನಿಂತದ್ದು ಕೇಳಿಸಿತು. ಸ್ವಲ್ಪ ಹೊತ್ತು ನಿಂತು ಹೋದವು.

ಎಂಟು ದಿನದ ಮೇಲೆ ಕಸ್ತೂರಿಯ ತಾಯಿ ನನ್ನ ಮನೆಗೆ ಬಂದಳು. ಹೊಸ್ತಿಲ ಹೊರಗೇ ಕುಸಿದು ಕೂತಳು.

"ಇನ್ನ ಯಾರು ಹೇಳಿಕೊಡತಾರ್ರಿ ನನ್ನ ಮಗಳಿಗೆ? ಆಕಿಗೆ ಕಿವಿ ಕೇಳಸೂದಿಲ್ರಿ. ಹ್ವಾದ ವರ್ಷ ದೊಡ್ಡ ಜ್ವರ ಬಂದಾಗ ಎರಡೂ ಕಿವಿ ಹೋದೂರಿ. ಹೆಣ್ಣು ಕೂಸು, ಮುಂದ ಯಾರು ಮಾಡಕೋತಾರ, ಯಾರ ಮುಂದೂ ಅನಬ್ಯಾಡ್ರಿ ಅಂತ ಬಾಯಾರ ಕಾಲು ಹಿಡದಿದ್ದೆ. ತುಟಿ ನೋಡಿ ಮಾತು ತಿಳಕೊಳ್ಳೂದು ಕಲಸಾಕ ಹತ್ತಿದ್ರು. ಸಾಹೇಬರು ಬಂದ ದಿನ ನಾ ಒಂದು ಮಾತು ಹೇಳಿದ್ರ ಆಗತಿತ್ತು. ನನ್ನ ಬಾಯಿ ಸತ್ತ ಹೋತ್ರಿ."

ಅವಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ನಾನು ಹೊಡೆದ ಆ ಕೆನ್ನೆಯೇ ಕಣ್ಣ ಮುಂದೆ ಬಂತು.

ಆ ರವಿವಾರ ರಾಮದುರ್ಗದ ಬಸ್ಸು ಹಿಡಿದೆ. ಬಾಯಾರಿದ್ದ ಹಳ್ಳಿ ನೇಕಾರರ ಊರು, ಪ್ರತಿ ಮನೆಯಿಂದಲೂ ಮಗ್ಗದ ಸದ್ದು. ಬಾಯಾರು ಆಗಷ್ಟೇ ಪ್ರಾರ್ಥನೆ ಮುಗಿಸಿಕೊಂಡು ಬಂದಿದ್ದರು. "ಬಾ ತಂಗಿ" ಅಂದರು. ನೀರು ಕೊಟ್ಟರು. ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ನಾನು ಮಾತು ತೆಗೆಯಲು ಹೋದರೆ "ಮೊದಲು ಉಣ್ಣು" ಅಂದರು. ತಾಟು ತೊಳೆದಿಟ್ಟು, ಬಂದು ನನ್ನೆದುರಿಗೆ ಕೂತರು.

"ಸಹಿ ಯಾಕ ಮಾಡಿದಿ?"

"ಅಂಜಿಕಿ ಆತ್ರಿ." ಕಿತ್ತೂರಿನ ಸಂಬಂಧದ ಮಾತನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

"ಮತ್ತ?"

ಮತ್ತೇನೂ ಇಲ್ಲ ಅನ್ನಬಹುದಿತ್ತು. ಆದರೆ ಅವರು ಕಾಯುತ್ತಿದ್ದರು. "ನೀವು ಹಂಗ ಮಾಡತೀರಿ ಅಂತ ನನಗ ಖರೇನ ಅನಿಸಿತ್ರಿ" ಅಂದೆ. "ಎಷ್ಟಂದ್ರೂ ನೀವು ಬ್ಯಾರೆ ಮಂದಿ ಅಂತ."

ಮೂರು ವರ್ಷ ಒಂದೇ ಹಿತ್ತಿಲಲ್ಲಿ ಬಟ್ಟೆ ಒಣಹಾಕಿದ್ದೆವು. ಅವರ ಮುಖ ಒಂದು ಕ್ಷಣ ಬಿಳುಚಿತು. ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡರು.

"ಇದನ್ನ ಹೇಳಿದ್ದು ಚೊಲೋ ಆತು" ಅಂದರು ಕೊನೆಗೆ. "ನೋವಾಗಿಲ್ಲ ಅಂತ ಸುಳ್ಳ ಹೇಳೂದಿಲ್ಲ. ನಿನ್ನ ಮ್ಯಾಲೆ ನಾನೂ ಒಂದು ತೀರ್ಪು ಮನಸಿನ್ಯಾಗ ಬರದು ಇಟ್ಟಬಿಟ್ಟಿದ್ದೆ. ಪ್ರಾರ್ಥನಾ ಮಾಡಾಕ ಕುಂತ್ರ ಅದ ಅಡ್ಡ ಬರತಿತ್ತು. ನಿನ್ನ ಕೇಳಲಾರದ ಹೆಂಗ ಹರದು ಒಗೀಲಿ ಅದನ್ನ? ಆವತ್ತ ನಿನ್ನ ಬಾಗಲಕ್ಕೂ ಬಂದು ನಿಂತಿದ್ದೆ."

"ಸಾಹೇಬರ ಮುಂದ ಒಂದು ಮಾತು ಹೇಳಿದ್ರ ಮುಗೀತಿತ್ತಲ್ರಿ ಬಾಯಾರ."

"ಆ ಮಾತು ನಂದಲ್ಲವಾ. ಆ ತಾಯೀದು."

ಆಮೇಲೆ ಅವರು ನನ್ನ ಬಗ್ಗೆ ಏನೂ ಕೇಳಲಿಲ್ಲ, ಕಸ್ತೂರಿಯ ಬಗ್ಗೆ ಕೇಳಿದರು. ಯಾರೂ ಹೇಳಿಕೊಡುತ್ತಿಲ್ಲ ಅಂದೆ. "ಹಂಗಾದ್ರ ನೀ ಕಲಿ" ಎಂದು ನನ್ನ ಕೈ ತೆಗೆದುಕೊಂಡು ತಮ್ಮ ಗಂಟಲ ಮೇಲೆ ಇಟ್ಟುಕೊಂಡರು. "ಪ, ಬ, ಮ, ಮೂರಕ್ಕೂ ತುಟಿ ಒಂದ ನಮೂನಿ ಮುಚ್ಚತಾವು. ನೋಡಿದ್ರ ಗೊತ್ತಾಗೂದಿಲ್ಲ. ಬ ಅಂದಾಗ ಇಲ್ಲೆ ಗಂಟಲದಾಗ ನಡಗತೈತಿ. ಪ ಅಂದ್ರ ಇಲ್ಲ. ಮ ಅಂದ್ರ ಮೂಗಿಗೆ ಬೆರಳ ಹಚ್ಚಿ ನೋಡು."

"ಇದನ್ನ ನಿಮಗ ಯಾರು ಕಲಿಸಿದ್ರು?"

"ಕಸ್ತೂರಿನ. ನಿನಗ ಏನ್ ಕಾಣತೈತಿ, ಏನ್ ಕಾಣೂದಿಲ್ಲ ಅಂತ ದಿನಾ ಆಕಿನ್ನ ಕೇಳತಿದ್ದೆ."

ಊರಿಗೆ ಬಂದು ನನ್ನ ಹೇಳಿಕೆ ಸುಳ್ಳು ಎಂದು ಕಚೇರಿಗೆ ಬರೆದು ಕಳಿಸಿದೆ. ಕಾರಣವನ್ನು ಬರೆಯುವಂತಿರಲಿಲ್ಲ. ಉತ್ತರ ಬರಲಿಲ್ಲ, ಬಾಯಾರೂ ತಿರುಗಿ ಬರಲಿಲ್ಲ. ಕಸ್ತೂರಿಗೆ ನಾನು ಕಲಿಸತೊಡಗಿದೆ. ಮುಂದೆ ನನಗೆ ಕಿತ್ತೂರಿನವರ ಜೊತೆಯೇ ಮದುವೆಯಾಗಿ ಬೈಲಹೊಂಗಲಕ್ಕೆ ವರ್ಗವಾಯಿತು. ಕಸ್ತೂರಿಯ ತಂದೆಗೂ ಅಲ್ಲಿಯ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಕೆಲಸ ಸಿಕ್ಕಿ, ಅವರೂ ಅಲ್ಲಿಗೇ ಬಂದರು. ಪಾಠ ನಿಲ್ಲಲಿಲ್ಲ. ಬಾಯಾರನ್ನು ನೋಡಲು ಮಾತ್ರ ಮತ್ತೆ ಹೋಗಲಿಲ್ಲ. ಬಾಣಂತನ, ನೌಕರಿ, ಮಕ್ಕಳ ಜಡ್ಡು. ಬರುವ ರಜೆಗೆ ಹೋದರಾಯಿತು ಅಂದುಕೊಳ್ಳುತ್ತಲೇ ನಾಲ್ಕು ವರ್ಷ ಕಳೆದವು.

ಸುದ್ದಿ ಕೇಳಿದ ಸಂಜೆ ಕಸ್ತೂರಿಯ ಮನೆಗೆ ಹೋದೆ. ಅವಳಿಗೆ ಆಗ ಹದಿನಾಲ್ಕು ತುಂಬಿತ್ತು. ಬೆಳಕಿಗೆ ಮುಖ ಮಾಡಿ ಕೂತು, ನಿಧಾನವಾಗಿ ಹೇಳಿದೆ. ಅವಳು ಕೂಡಲೇ ಅಳಲಿಲ್ಲ. "ಕಡೀಕ ಅವರ ಹಂತ್ಯಾಕ ಯಾರಿದ್ರು?" ಎಂದು ಕೇಳಿದಳು.

ಮಾಸ್ತರರನ್ನು ನಾನು ಅದನ್ನು ಕೇಳಿರಲಿಲ್ಲ. ಏನನ್ನೂ ಕೇಳಿರಲಿಲ್ಲ.

ಮರುದಿನ ಇಬ್ಬರೂ ರಾಮದುರ್ಗದ ಬಸ್ಸು ಹತ್ತಿದೆವು. ಪಕ್ಕದ ಮನೆಯ ನೇಕಾರ ಮುದುಕಿ ನಮ್ಮನ್ನು ಊರ ಹೊರಗೆ ಹೂಳಿದ ಜಾಗಕ್ಕೆ ಕರೆದುಕೊಂಡು ಹೋದಳು. ಮಣ್ಣಿನ ಗುಡ್ಡೆ, ಸುತ್ತ ಕಲ್ಲು. "ನಾನ ಇದ್ನಿ" ಅಂದಳು. "ನಾಕ ದಿನದ ಜ್ವರ. ಸೊಸಿ ಕೂಡ ನಂದು ಮಾತು ನಿಂತು ಆರ ತಿಂಗಳಾಗಿತ್ತು. ಮಲಕೊಂಡಾಗೂ ಅದನ್ನ ಕೇಳವರು, ಯಾಕ ಬಿಟ್ರಿ, ಯಾರು ಏನಂದ್ರಿ ಅಂತ. ಆಕಿನ್ನೂ ಕರಸಿ ಕೇಳಿದ್ರು. ಈಗ ಆಕಿ ನಾ ಕೂಡೇ ಉಣ್ಣತೇವಿ." ಸೆರಗಿನಿಂದ ಮೂಗು ಒರೆಸಿಕೊಂಡು ನಮ್ಮನ್ನು ನೋಡಿದಳು. "ನೀವು ಅವರಿಗೆ ಏನಾಗಬೇಕ್ರಿ?"

ಕಸ್ತೂರಿಗೆ ಅರ್ಜಿಯ ವಿಷಯ ಗೊತ್ತಿರಲಿಲ್ಲ. ಅವಳ ತಾಯಿಗೂ ಸಹಿ ನನ್ನದೆಂದು ತಿಳಿದಿರಲಿಲ್ಲ. ನಾಲ್ಕು ವರ್ಷ ಅವಳ ಎದುರಿಗೆ ಕೂತು ಪ, ಬ, ಮ ಹೇಳಿಕೊಟ್ಟವಳು ಇದೊಂದನ್ನು ಹೇಳಿರಲಿಲ್ಲ. ನಾನು ಮುದುಕಿಯ ಕಡೆಯಿಂದ ಅವಳ ಕಡೆಗೆ ತಿರುಗಿ, ತುಟಿ ಕಾಣುವ ಹಾಗೆ ಹೇಳಿದೆ. "ಬಾಯಾರು ಊರು ಬಿಟ್ಟದ್ದು ನನ್ನಿಂದ. ನಾ ಸುಳ್ಳ ಸಹಿ ಮಾಡಿದ್ದೆ."

ಅವಳು ಸರಿಯಾಗಿ ತಿಳಿಯಿತೋ ಇಲ್ಲವೋ ಅನ್ನುವಂತೆ ನೋಡಿದಳು. ಮತ್ತೊಮ್ಮೆ ಹೇಳಿದೆ.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಏನಂದ್ರು?"

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಮುದುಕಿ ನಮ್ಮಿಬ್ಬರನ್ನೂ ಬಿಟ್ಟು ಊರ ಕಡೆ ನಡೆದಳು. ನಾನು ಆ ಮಣ್ಣಿನ ಪಕ್ಕ ನೆಲದ ಮೇಲೆ ಕೂತೆ. ಕಸ್ತೂರಿ ಎದುರಿಗೆ ಬಂದು ಕೂತಳು. ಮೊದಲಿನಿಂದ ಹೇಳತೊಡಗಿದೆ, ಕೆನ್ನೆಗೆ ಹೊಡೆದದ್ದನ್ನೂ ಬಿಡದೆ. ಮುಗಿಯುವವರೆಗೂ ಅವಳು ನನ್ನ ಮುಖದ ಮೇಲಿನ ನೋಟ ಕದಲಿಸಲಿಲ್ಲ.